ನಾಯಿ ಸಾಕ್ಷಿ, ತಗಡು ಸಾಕ್ಷಿ

ಗೆರೆ ಎಳೆದ ಕೂಡಲೇ ಜಗಳ ಹುಟ್ಟುತ್ತದೆ. ಹೊಲದ ಗೆರೆ ಇರಲಿ, ಕಬಡ್ಡಿಯ ಗೆರೆ ಇರಲಿ. ನಾನು ಮೂವತ್ತು ವರ್ಷ ಕಬಡ್ಡಿ ಅಂಪೈರಿಕೆ ಮಾಡಿದವನು. ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಕೊಪ್ಪಳ, ನಾಲ್ಕೂ ಕಡೆ ಸೀಟಿ ಊದಿದ್ದೇನೆ. ನಾಲ್ಕೂ ಕಡೆ ಬೈಸಿಕೊಂಡಿದ್ದೇನೆ.

ಮೊನ್ನೆ ಗಂಗಾವತಿಯಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಜೊತೆಗೆ ಪಿ.ಟಿ. ಮಾಸ್ತರರು. ಹರೆಯದವರು. ಇನ್ನೂ ಮದುವೆ ಆಗಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೊಬೈಲು ನೋಡುತ್ತ ಅವರು ನಗತೊಡಗಿದರು.

“ಕಾಕಾ, ಇಲ್ಲಿ ಕೇಳ್ರಿ. ರಗ್ಬಿ ಅಂತ ಒಂದು ಆಟ ಐತಿ. ತತ್ತಿ ಹಂಗ ಇರತೈತಿ ಚೆಂಡು.”

“ಹಾಂ.”

“ದೇಶ ದೇಶ ಆಡ್ತಾವ. ವಿಶ್ವಕಪ್ಪಿಗೆ ಯಾರು ಹೋಗಬೇಕು ಅನ್ನೋ ಮ್ಯಾಚು. ಸೋತವರು ತಕರಾರು ತಗದಾರ. ರೆಫ್ರಿ ಎದುರಿನವರ ಕಡೀವ ಅಂತ. ಮತ್ತ ಅವರ ಆಟಗಾರ ಆ ದೇಶದವನ ಅಲ್ಲ, ಅವನ ಅಜ್ಜಿ ಅಷ್ಟ ಅಲ್ಲಿ ಹುಟ್ಯಾಳ ಅಂತ.”

“ಅಜ್ಜಿ ಹುಟ್ಟಿದ್ರ ನಡೀತೈತೇನು?”

“ನಡೀತೈತ್ರಿ, ಕಾಯ್ದೆ ಐತಿ. ಆದ್ರ ಅಜ್ಜಿ ಖರೆ ಅಲ್ಲೇ ಹುಟ್ಯಾಳೋ ಇಲ್ಲೋ, ಅದ ಜಗಳ.”

ಚಹಾ ಮುಗಿಸಿದೆ. ವಿಚಾರ ಮಾಡಿದೆ.

“ಅಲ್ಲಿ ನಾಯಿ ಇರಲಿಲ್ಲೇನು?” ಎಂದೆ.

ಮಾಸ್ತರರಿಗೆ ತಿಳಿಯಲಿಲ್ಲ. ನಾಯಿಯ ಕಥೆ ಹೇಳಿದೆ. ಚಹಾ ಮೂಗಿಗೆ ಹತ್ತಿತು ಅವರಿಗೆ. “ಇದನ್ನ ಬರೀರಿ ಕಾಕಾ” ಎಂದರು. ನಾನು ಓದಿದ್ದು ನಾಲ್ಕನೇ ಕ್ಲಾಸು. ನಿಧಾನ ಬರೆಯುತ್ತೇನೆ. ನೀವೂ ನಿಧಾನ ಓದಿರಿ.

ಅವರದು ಅಜ್ಜಿ ಹುಟ್ಟಿದ ಊರಿನ ಜಗಳ. ನನ್ನದು ಹೆಂಡತಿ ಹುಟ್ಟಿದ ಊರಿನ ಜಗಳ.

ಸಮ ಬೈಗುಳ

ನನ್ನ ಕೆಲಸ ಕಾಲುವೆಯ ಗೇಟು ನೋಡಿಕೊಳ್ಳುವುದು. ನವಲಿ ಕಡೆ. ಗೇಟು ಏರಿಸಬೇಕು, ಇಳಿಸಬೇಕು. ಕೆಳಗಿನ ಊರಿಗೆ ನೀರು ಜಾಸ್ತಿ ಬಿಟ್ಟ ಅಂತ ಮೇಲಿನ ಊರವರು ಬೈಯುತ್ತಿದ್ದರು. ಮೇಲಿನವರಿಗೆ ಬಿಟ್ಟ ಅಂತ ಕೆಳಗಿನವರು ಬೈಯುತ್ತಿದ್ದರು.

ಒಂದು ಬೇಸಿಗೆ. ಆ ಎರಡೂ ಊರಿನ ನಡುವೆ ಕಬಡ್ಡಿ ಇಟ್ಟರು. ಅಂಪೈರ ಯಾರು ಅಂತ ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಜಗಳ. ಕೊನೆಗೆ ಒಬ್ಬ ಹಿರಿಯರು ನನ್ನ ಕಡೆ ಕೈ ಮಾಡಿದರು.

“ಇವನ್ನ ನಿಲ್ಲಸ್ರಿ. ಎರಡೂ ಊರವರು ಇವನಿಗೆ ಸಮ ಬೈತಾರ. ಇದಕಿಂತ ನ್ಯಾಯಸ್ಥ ಎಲ್ಲಿ ಸಿಗ್ತಾನ?”

“ನನಗ ಆಟಾನ ಗೊತ್ತಿಲ್ಲರಿ” ಎಂದೆ.

“ಭಾಳ ಛಲೋ ಆತು. ಗೊತ್ತಿದ್ದವರು ಒಂದು ಕಡೆ ಹಿಡೀತಾರ.”

ಹಾಗೆ ಅಂಪೈರನಾದೆ. ಕಾಯ್ದೆ ಕಲಿತದ್ದು ಆಮೇಲೆ. ಕಲಿಸಿದವಳು ನಮ್ಮಾಕಿ, ನನ್ನ ಹೆಂಡತಿ. ಆಕಿ ಏಳನೇ ಕ್ಲಾಸು. ಒಲೆ ಮುಂದೆ ಕೂತು ಕಬಡ್ಡಿ ಪುಸ್ತಕ ಓದಿ ಹೇಳುತ್ತಿದ್ದಳು. ನಾನು ರೊಟ್ಟಿ ತಿನ್ನುತ್ತ ಕೇಳುತ್ತಿದ್ದೆ. ಒಂದೊಂದು ಕಾಯ್ದೆ ಎರಡು ರೊಟ್ಟಿಗೆ ಮುಗಿಯುತ್ತಿತ್ತು.

ಮ್ಯಾಚು ಮುಗಿಸಿ ಮನೆಗೆ ಬಂದರೆ ಯಾರು ಗೆದ್ದರು ಅಂತ ಆಕಿ ಕೇಳುತ್ತಿರಲಿಲ್ಲ.

“ಎಷ್ಟು ಮಂದಿ ಬೈದ್ರು?”

“ಆ ಕಡೆ ಹದಿನೈದು. ಈ ಕಡೆ ಹದಿನೈದು.”

“ಛಲೋ ಆಗೈತಿ ಮ್ಯಾಚು. ಕೈ ತೊಳ್ಕೋರಿ.”

ಬರಬರುತ್ತ ಹುಡುಗರು ಮರ್ಯಾದೆ ಕೊಡಲು ಹಿಡಿದರು. ಆಟಕ್ಕೆ ಇಳಿಯುವ ಮುಂಚೆ ಮೊದಲು ಮಣ್ಣು ಮುಟ್ಟುವುದು, ಆಮೇಲೆ ನನ್ನ ಕಾಲು ಮುಟ್ಟುವುದು. ನಾಲ್ಕೂ ತಾಲೂಕಿನಲ್ಲಿ ಅದು ರೂಢಿ ಆಯಿತು. ಆಟ ಮುಗಿದ ಮೇಲೆ ಅದೇ ಹುಡುಗರು ಬೈಯುತ್ತಿದ್ದರು. ಅದೂ ರೂಢಿ.

ಹೆಂಡತಿ ಮಾತು

ನಮ್ಮಾಕಿಯ ಊರು ತಾವರಗೇರಾದ ಹತ್ತಿರ. ಆ ಊರಿನ ತಂಡ ಜೋರು. ಒಂದು ಸಲ ಅವರಿಗೂ ಯಲಬುರ್ಗಾ ಕಡೆಯ ತಂಡಕ್ಕೂ ಮ್ಯಾಚು ಬಿತ್ತು. ಅಂಪೈರ ನಾನು.

ಯಲಬುರ್ಗಾ ತಂಡಕ್ಕೆ ಒಬ್ಬ ಮ್ಯಾನೇಜರ ಇದ್ದಾನೆ. ಗೊಬ್ಬರದ ಅಂಗಡಿ ಅವನದು. ಕೈಚೀಲದಲ್ಲಿ ಯಾವಾಗಲೂ ಒಂದು ಫೈಲು ಇರುತ್ತದೆ. ಆ ಫೈಲಿನಲ್ಲಿ ಎಲ್ಲರ ತಪ್ಪು ಇರುತ್ತವೆ. ಅವನದೊಂದು ಬಿಟ್ಟು.

“ಅಂಪೈರ ಆ ಊರಿನ ಅಳಿಯ ಅದಾನ. ನಾವು ಆಡಂಗಿಲ್ಲ” ಎಂದ.

“ಅವ ಹಂತಾವ ಅಲ್ಲ” ಎಂದರು ಕಮಿಟಿಯವರು.

“ಹೆಂಡತಿ ಹೇಳಿದ್ರ?”

ಮಾತಿಗೆ ತೂಕ ಇತ್ತು. ಕಡೆಗೆ ಇಬ್ಬರು ಹಿರಿಯರು, ಆ ಮ್ಯಾನೇಜರ, ಮೂವರೂ ಕೂಡಿ ನಮ್ಮ ಮನೆಗೆ ವಿಚಾರಣೆಗೆ ಬಂದರು. ನಮ್ಮಾಕಿ ರೊಟ್ಟಿ ಬಡಿಯುತ್ತಿದ್ದಳು.

“ತಂಗೀ, ಖರೆ ಹೇಳು. ನಿನ್ನ ಗಂಡ ನಿನ್ನ ಮಾತು ಕೇಳ್ತಾನೇನು?” ಎಂದರು ಒಬ್ಬ ಹಿರಿಯರು.

ಆಕಿ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ. ತಲೆ ಎತ್ತಿ ಮೇಲೆ ನೋಡಿದಳು. ಅವರೂ ನೋಡಿದರು. ಅಡಿಗೆಮನೆಯ ತಗಡಿನಲ್ಲಿ ಅಂಗೈಯಷ್ಟು ತೂತು. ಅದರಿಂದ ಬಿಸಿಲು ಇಳಿದು ಸೀದಾ ರೊಟ್ಟಿ ಬುಟ್ಟಿಯ ಮೇಲೆ ಬಿದ್ದಿತ್ತು.

“ಮೂರು ವರ್ಷ ಆತ್ರಿ, ಆ ತಗಡು ಸರಿ ಮಾಡಸ್ರಿ ಅಂತ ಹೇಳಾಕತ್ತು.”

ಮ್ಯಾನೇಜರ ಬಹಳ ಹೊತ್ತು ಆ ತೂತು ನೋಡಿದ.

“ಮೂರು ವರ್ಷ?”

“ಬರೋ ಮಳಿಗಾಲಕ್ಕ ನಾಲ್ಕು.”

ಅವನು ಫೈಲು ತೆಗೆದ. ಬರೆದ. ಓದಿ ಹೇಳಿದ. “ಅಂಪೈರ್ ಹೆಂಡತಿಯ ಮಾತು ಕೇಳುವುದಿಲ್ಲ. ತಗಡು ಸಾಕ್ಷಿ. ನಮ್ಮ ಅಡ್ಡಿ ಇಲ್ಲ.”

ಅಲ್ಲಿಂದ ಮುಂದೆ ಆಕಿಯ ಊರಿನ ಮ್ಯಾಚು ಇದ್ದರೆ ಮೊದಲು ಯಾರಾದರೂ ನಮ್ಮ ಮನೆಗೆ ಬಂದು ಕೇಳುವುದು. “ತಗಡು ಸರಿ ಆತೇನವಾ?” ಆಕಿ “ಇಲ್ಲ” ಎನ್ನುವುದು. ಆಮೇಲೆ ಮ್ಯಾಚು ಶುರು.

ನಾನು ಮಾಡಿಸಬಾರದು ಅಂತ ಇರಲಿಲ್ಲ. ಆದರೆ ತಗಡು ಸರಿಯಾದರೆ ನನ್ನ ಸೀಟಿ ಹೋಗುತ್ತಿತ್ತು. ಆಕಿಗೆ ಅದೇ ಹೇಳುತ್ತಿದ್ದೆ. “ನ್ಯಾಯ ಸೋರಾಕತ್ತೈತಿ, ಕೆಳಗ ಬೋಗುಣಿ ಇಡ್ತೀನಿ” ಎನ್ನುತ್ತಿದ್ದಳು.

ನಾಯಿ

ನಮ್ಮ ಕಡೆಯ ಕಾಯ್ದೆ ಹೀಗಿದೆ. ಊರಿನ ತಂಡದಲ್ಲಿ ಆಡಬೇಕೆಂದರೆ ಆ ಊರಿನ ರೇಷನ್ ಕಾರ್ಡಿನಲ್ಲಿ ಹೆಸರು ಇರಬೇಕು. ಇಲ್ಲವೆಂದರೆ ಆ ಊರಿನ ಅಳಿಯ ಆಗಿರಬೇಕು. ಅಳಿಯ ಅಂದರೆ ಊರಿನವನ ಲೆಕ್ಕ.

ಗೊಬ್ಬರದಂಗಡಿ ಮ್ಯಾನೇಜರ ಒಂದು ವರ್ಷ ಹೊಸ ರೈಡರನ್ನು ತಂದ. ಬಾಗಿಲಿನಷ್ಟು ಅಗಲ ಆಳು. ಮ್ಯಾಚು ನಡೆದದ್ದು ಮ್ಯಾನೇಜರನ ಊರಲ್ಲೇ.

“ಇವ ಯಾರು?” ಎಂದೆ.

“ನಮ್ಮೂರ ಹುಡುಗ. ಇಲ್ಲೇ ಹುಟ್ಯಾನ, ಇಲ್ಲೇ ಬೆಳದಾನ.” ರೇಷನ್ ಕಾರ್ಡು ತೋರಿಸಿದ. ಒಬ್ಬ ಅಜ್ಜಿಯ ಕಾರ್ಡು. ಕೊನೆಯ ಹೆಸರಿನ ಮಸಿ ಇನ್ನೂ ಹಸಿ.

ಆದರೂ ಹೆಸರು ಹೆಸರೇ. ಆಟ ಶುರು ಮಾಡಿದೆ.

ಆ ಹುಡುಗ ರೈಡಿಗೆ ಹೊರಟ. ಎಲ್ಲಿಂದಲೋ ಒಂದು ಕೆಂಪು ನಾಯಿ ಎದ್ದು ಬೊಗಳಿತು. ಅವನು ತಿರುಗಿ ಬಂದ, ನಾಯಿ ಕೂತಿತು. ಬೇರೆ ಹುಡುಗ ಹೋದ, ಸುಮ್ಮನಿತ್ತು. ಮತ್ತೆ ಇವನು ಹೋದ, ಮತ್ತೆ ಬೊಗಳಿತು. ಏಳು ಮಂದಿಯೊಳಗೆ ಇವನೊಬ್ಬನಿಗೆ.

ಎದುರು ತಂಡದವರು ಎದ್ದು ನಿಂತರು. “ಅಂಪೈರ್ರ, ನಾಯಿ ಸಾಕ್ಷಿ ಹೇಳಾಕತ್ತೈತಿ! ಇವ ಈ ಊರವ ಅಲ್ಲ!”

ಮ್ಯಾನೇಜರ ಬಂದ. “ಆ ನಾಯಿ ಸಾಕ್ಷಿ ನಡಿಯಂಗಿಲ್ಲ. ಅದ ಈ ಊರಿಂದ ಅಲ್ಲ. ಹೋದ ತಿಂಗಳು ಕುರಿ ಮಂದಿ ಹಿಂದ ಬಂದದ್ದು.”

“ಹಂಗಾದ್ರ ಉಳಿದ ಆರು ಮಂದಿಗೆ ಯಾಕ ಬೊಗಳವಲ್ದು?” ಎಂದೆ.

ಅವನು ವಿಚಾರ ಮಾಡಿದ. “ತಿಂಗಳಾತಲ್ರೀ. ಊರವರನ್ನೆಲ್ಲಾ ಗುರುತು ಹಿಡದೈತಿ.”

“ಇವನ್ನೊಬ್ಬನ್ನ ಯಾಕ ಹಿಡಿದಿಲ್ಲ?”

ಫೈಲು ತೆರೆದ. ಅದರಲ್ಲಿ ಉತ್ತರ ಇರಲಿಲ್ಲ.

ಇಬ್ಬರನ್ನೂ ಮೈದಾನದಿಂದ ಹೊರಗೆ ಹಾಕಿದೆ. ನಾಯಿ ಸುಮ್ಮನೆ ಹೋಯಿತು. ಹುಡುಗ ಅರ್ಧ ತಾಸು ಜಗಳ ಮಾಡಿದ.

ಮಿರ್ಚಿ

ಇದು ಸಣ್ಣದು.

ಅಂಪೈರ ಯಾರ ಕಡೆಯದೂ ತಿನ್ನಬಾರದು. ನಾನು ತಿನ್ನುತ್ತಿರಲಿಲ್ಲ. ಕುಷ್ಟಗಿಯಲ್ಲಿ ಒಂದು ದಿನ ಹಸಿವು ತಡೆಯಲಿಲ್ಲ. ಅರ್ಧ ಆಟಕ್ಕೆ ಒಂದು ತಂಡದವರು ಮಂಡಾಳ, ಅಂದರೆ ಮಂಡಕ್ಕಿ, ಒಗ್ಗರಣೆ ಹಾಕಿ ಕೊಟ್ಟರು. ಮೇಲೆ ಎರಡು ಮಿರ್ಚಿ ಭಜಿ. ತಿಂದೆ.

ಎದುರಿನವರು ನೋಡಿದರು. “ಅವರ ಎರಡು ತಿಂದ್ರಿ. ನಮ್ಮವು?” ಅಂತ ಎರಡು ಕೊಟ್ಟರು. ತಿಂದೆ. ಸಮ ಆಯಿತು.

“ಅವು ದೊಡ್ಡವು ಇದ್ದುವು” ಎಂದರು ಮೊದಲಿನವರು. ಮತ್ತೊಂದು ಕೊಟ್ಟರು. ಎದುರಿನವರೂ ಮತ್ತೊಂದು. ಹೀಗೇ ನಡೆಯಿತು. ಹನ್ನೆರಡನೇ ಮಿರ್ಚಿಗೆ ಸೀಟಿ ಊದಿದೆ. ಸಮ.

ಎರಡನೇ ಅರ್ಧದಲ್ಲಿ ನಾಲ್ಕು ಸಲ ಆಟ ನಿಲ್ಲಿಸಿ ಜಾಲಿಗಿಡದ ಹಿಂದೆ ಓಡಿದೆ. ಯಾವ ತಂಡ ರೈಡು ಮಾಡುವಾಗ ಎಷ್ಟು ಸಲ ಓಡಿದೆ ಅಂತ ಎರಡೂ ಕಡೆಯವರು ಎಣಿಸುತ್ತಿದ್ದರು. ದೇವರ ದಯೆ. ಆ ಕಡೆ ಎರಡು, ಈ ಕಡೆ ಎರಡು.

ಸಕ್ಕರೆ

ಕನಕಗಿರಿ ಕಡೆಯ ಒಂದು ಊರು. ಅವರಿಗೆ ಗೊಬ್ಬರದಂಗಡಿಯವನ ತಂಡದ ಮೇಲೆ ಮ್ಯಾಚು. ಇವರಲ್ಲಿ ಒಳ್ಳೆ ರೈಡರ ಇಲ್ಲ. ಕುಷ್ಟಗಿ ಕಡೆ ಒಬ್ಬ ಇದ್ದ. ಹೆಸರು ಮಾಡಿದವನು. ಅವನನ್ನು ಹೇಗೆ ತರುವುದು? ಅಳಿಯ ಮಾಡಿಕೊಂಡರು. ಮ್ಯಾಚಿನ ದಿನ ಬೆಳಿಗ್ಗೆಯೇ ನಿಶ್ಚಯ. ಊರಿಗೆಲ್ಲಾ ಸಕ್ಕರೆ ಹಂಚಿದರು. ನನಗೂ ಕೊಟ್ಟರು. ಮಿರ್ಚಿ ಆದ ಮೇಲೆ ನಾನು ಏನೂ ತಿನ್ನುತ್ತಿರಲಿಲ್ಲ, ಕಿಸೆಯಲ್ಲಿ ಇಟ್ಟುಕೊಂಡೆ.

ಮೂರು ಗಂಟೆಗೆ ಆಟ. ಹುಡುಗಿ ಗೆಳತಿಯರ ಜೊತೆ ಮುಂದಿನ ಸಾಲಿನಲ್ಲಿ. ಇವನು ಆಟ ಬಿಟ್ಟು ಅವಳ ಮುಖವನ್ನೇ ನೋಡತೊಡಗಿದ. ಮೊದಲ ರೈಡು, ಔಟ್. ಎರಡನೇ ರೈಡು, ಔಟ್. ಮೂರನೆಯದಕ್ಕೆ ನಡುಗೆರೆ ದಾಟುವ ಮುಂಚೆಯೇ ಜಾರಿ ಬಿದ್ದ. ಗೆಳತಿಯರು ನಕ್ಕರು.

ಅರ್ಧ ಆಟಕ್ಕೆ ಹುಡುಗಿಯ ತಂದೆ ಮೈದಾನಕ್ಕೆ ಬಂದರು.

“ಅಂಪೈರ್ರ, ಇವ ಇನ್ನ ನಮ್ಮ ಅಳಿಯ ಅಲ್ಲ. ಮಗಳು ಒಲ್ಲೆ ಅಂದ್ಳು.”

ಮ್ಯಾನೇಜರ ಫೈಲು ಹಿಡಿದು ಓಡಿ ಬಂದ. “ಅಳಿಯ ಅಲ್ಲ ಅಂದ್ರ ಆಟಗಾರನೂ ಅಲ್ಲ! ಹೊರಗ ಹಾಕ್ರಿ!”

“ಅರ್ಧ ಆಟ ಅಳಿಯ ಆಗೇ ಆಡ್ಯಾನಲ್ರೀ” ಎಂದರು ಊರವರು.

ನಾನು ನಿಧಾನ ವಿಚಾರ ಮಾಡಿದೆ. ತೀರ್ಪು ಕೊಟ್ಟೆ. “ಹುಡುಗಿ ಸಂಬಂಧ ಮುಗೀತು ಅಂದ್ರ ಊರ ಸಂಬಂಧನೂ ಮುಗೀತು. ಹೊರಗ ಹೋಗು.”

ಮ್ಯಾನೇಜರ ಬರೆದುಕೊಂಡ. ಹುಡುಗ ಅಳು ಮುಖ ಮಾಡಿ ನನ್ನ ಹತ್ತಿರ ಬಂದ. “ಕಾಕಾ, ನಾ ತಿಂದ ಸಕ್ಕರಿ?”

ನನ್ನ ಕಿಸೆಯಲ್ಲಿದ್ದದ್ದನ್ನು ಅವನ ಕೈಗೆ ಕೊಟ್ಟು, ಅವರಿಗೆ ವಾಪಸು ಮಾಡು ಎಂದೆ.

ಮನೆಗೆ ಬಂದು ಹೇಳಿದೆ. ನಮ್ಮಾಕಿ ನಗಲಿಲ್ಲ.

“ಅದು ತಪ್ಪು ತೀರ್ಪು.”

“ಹೆಂಗ?”

“ಹುಡುಗಿ ಒಲ್ಲೆ ಅಂದ್ಳು, ಆತು. ಊರು ಒಲ್ಲೆ ಅಂದೈತೇನು? ಸಕ್ಕರಿ ಹಂಚಿದ್ದು ಊರು. ಊರನ್ನ ಕೇಳಬೇಕಿತ್ತು.”

“ತೀರ್ಪು ಆಗಿ ಹೋತು.”

“ನೀವು ತೀರ್ಪು ಕೊಡೋದು ತಡಾ. ತಿದ್ದೋದು ಅದಕಿಂತ ತಡಾ.”

ಖರೆ ಹೇಳಿದಳು. ಅದನ್ನು ತಿದ್ದಲು ನನಗೆ ಒಂಬತ್ತು ವರ್ಷ ಹಿಡಿಯಿತು.

ಮೊಳೆ

ಹೋದ ವರ್ಷ ಆಕಿ ಹೋದಳು. ಮೂರು ದಿನ ಜ್ವರ. ಕೊಪ್ಪಳಕ್ಕೆ ಕರೆದುಕೊಂಡು ಹೋದೆ. ಬರುವಾಗ ನಾನೊಬ್ಬನೇ ಮಾತಾಡುತ್ತ ಬಂದೆ. ಆಕಿ ಮಾತಾಡಲಿಲ್ಲ.

ಸೀಟಿಯನ್ನು ಮೊಳೆಗೆ ಹಾಕಿದೆ. ಎಷ್ಟು ಮಂದಿ ಬೈದರು ಅಂತ ಕೇಳುವವರು ಇಲ್ಲದ ಮೇಲೆ ಬೈಸಿಕೊಳ್ಳುವುದು ಯಾರ ಸಲುವಾಗಿ?

ನಮಗೆ ಮಕ್ಕಳಿಲ್ಲ. ದಿನ ಕರ್ಮ ಮುಗಿದ ಮೇಲೆ ಆಕಿಯ ಊರಿಗೆ ನಾನು ಹೋಗಲಿಲ್ಲ. ಅತ್ತೆ ಇದ್ದಾರೆ ಅಲ್ಲಿ. ಎಂಬತ್ತರ ಹತ್ತಿರ. ಹೋದರೆ ಅಳಿಯ ಬಂದ ಅನ್ನುತ್ತಾರೋ, ಅಂಪೈರ ಬಂದ ಅನ್ನುತ್ತಾರೋ. ಕೇಳಲು ಅಂಜಿಕೆ. ಆ ಕಡೆ ಹೋಗುವ ಬಸ್ಸು ಬಂದರೆ ನಾನು ಬೇರೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆ.

ಒಂಬತ್ತು ತಿಂಗಳು ಹೀಗೆ. ನಗುವಂಥದ್ದು ಏನೂ ನಡೆಯಲಿಲ್ಲ. ಅದಕ್ಕೇ ಈ ಪ್ರಸಂಗ ಗಿಡ್ಡ.

ಏಳನೆಯವನು

ಈ ಬೇಸಿಗೆಯಲ್ಲಿ ತಾವರಗೇರಾದಲ್ಲಿ ಕಬಡ್ಡಿ. ಗೆದ್ದವರು ಜಿಲ್ಲೆಯ ಆಟಕ್ಕೆ ಕೊಪ್ಪಳಕ್ಕೆ ಹೋಗಬೇಕು. ಕೊನೆಯ ಮ್ಯಾಚು ಯಾರ ಯಾರ ನಡುವೆ ಬಿತ್ತು? ಆಕಿಯ ಊರು, ಮತ್ತೆ ಗೊಬ್ಬರದಂಗಡಿಯವನ ತಂಡ.

ಕಮಿಟಿಯವರು ಬಂದು ಕರೆದರು. ಒಲ್ಲೆ ಎಂದೆ. ಪಿ.ಟಿ. ಮಾಸ್ತರರು ಮೋಟಾರ್ ಸೈಕಲ್ ತಂದು ಕೂಡಿಸಿಕೊಂಡೇ ಹೋದರು. ಮೊಳೆಯಿಂದ ಸೀಟಿ ತೆಗೆಯುವಾಗ ಅದಕ್ಕೆ ಜೇಡ ಬಲೆ ಕಟ್ಟಿತ್ತು.

ಮೈದಾನದಲ್ಲಿ ಮುಂದಿನ ಸಾಲಿಗೆ ಅತ್ತೆ ಕೂತಿದ್ದರು. ಎಲೆ ಅಡಿಕೆ ಬಾಯಿಯಲ್ಲಿ. ನನ್ನನ್ನು ನೋಡಿದರು. ನಾನು ಸೀಟಿಯ ಮೇಲಿನ ಜೇಡರ ಬಲೆ ಒರೆಸತೊಡಗಿದೆ.

ಮ್ಯಾನೇಜರ ಬಂದವನೇ ಫೈಲು ತೆರೆದ. ಆಕಿಯ ಊರಿನ ಏಳನೇ ಆಟಗಾರನ ಹೆಸರು ರೇಷನ್ ಕಾರ್ಡಿನಲ್ಲಿ ಇಲ್ಲ ಎಂದ. ನೋಡಿದೆವು. ಖರೆ ಇರಲಿಲ್ಲ. ಅವನನ್ನು ತೆಗೆದರು. ಬೇರೆ ಆಟಗಾರ ಇಲ್ಲ. ಏಳು ಮಂದಿ ಇಲ್ಲದೆ ಆಟ ಇಲ್ಲ. ಅದೂ ಕಾಯ್ದೆ.

ಆಮೇಲೆ ನನ್ನ ಕಡೆ ತಿರುಗಿದ. ಕೈಯಲ್ಲಿ ಒಂದು ಹಾಳೆ.

“ಅಂಪೈರ್ ಸಾಹೇಬ್ರ, ಮೊದಲ ತಗಡು ನೋಡ್ತಿದ್ವಿ. ಈಗ ಅದರ ಗರಜ ಇಲ್ಲ. ನಿಮಗೂ ಈ ಊರಿಗೂ ಸಂಬಂಧ ಮುಗೀತು. ‘ನಾನು ಈ ಊರಿನ ಅಳಿಯ ಅಲ್ಲ’ ಅಂತ ಇಲ್ಲೊಂದು ಸಹಿ ಮಾಡ್ರಿ. ಆತು.”

ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವನಿಗೆ ಅದು ಬರೇ ಹಾಳೆ.

ಪೆನ್ನು ತೆಗೆದುಕೊಂಡೆ. ನನ್ನ ಹೆಸರು ಬರೆಯಲು ಐದು ಅಕ್ಷರ. ಒಂದೂ ಬರೆಯಲು ಆಗಲಿಲ್ಲ.

“ಸಹಿ ಜಡ ಆದ್ರ ಹೆಬ್ಬೆಟ್ಟು ಒತ್ತ್ರಿ” ಎಂದ.

“ಒತ್ತಂಗಿಲ್ಲ.”

“ಯಾಕ?”

“ನಾ ಅಳಿಯ ಅದೀನಿ.”

ಮ್ಯಾನೇಜರ ಫೈಲಿನ ಹಿಂದಿನ ಹಾಳೆಗೆ ಹೋದ. “ಇಲ್ಲಿ ಐತಿ ನೋಡ್ರಿ. ಕನಕಗಿರಿ ಕಡಿ ಮ್ಯಾಚು. ನಿಮ್ಮದ ತೀರ್ಪು. ಹುಡುಗಿ ಸಂಬಂಧ ಮುಗೀತು ಅಂದ್ರ ಊರ ಸಂಬಂಧನೂ ಮುಗೀತು.”

“ಅದು ತಪ್ಪು ತೀರ್ಪು.”

“ಏನು?”

“ತಪ್ಪು ತೀರ್ಪು. ಅವತ್ತ ಮನ್ಯಾಗ ಹೇಳಿದ್ರು. ನಾ ಕೇಳಲಿಲ್ಲ. ಊರು ಒಲ್ಲೆ ಅನ್ನಬೇಕು.”

“ಮೂವತ್ತು ವರ್ಷದಾಗ ನೀವು ಒಂದಾದ್ರೂ ತೀರ್ಪು ತಿದ್ದೀರೇನು?”

“ಇದ ಮೊದಲು.”

ಮ್ಯಾನೇಜರ ಮಂದಿ ಕಡೆ ತಿರುಗಿದ. “ಹಂಗಾದ್ರ ಊರು ಹೇಳಲಿ. ಇವ ನಿಮಗ ಬೇಕೋ ಬ್ಯಾಡೋ?”

ಎಲ್ಲರೂ ಅತ್ತೆಯ ಕಡೆ ನೋಡಿದರು. ನಾನು ಮಾತ್ರ ನೋಡಲಿಲ್ಲ. ಅತ್ತೆಯ ಬಾಯಿ ತುಂಬ ಎಲೆ ಇತ್ತು. ಮಾತು ಬರಲಿಲ್ಲ.

ಆಗ ಆಕಿಯ ಅಣ್ಣನ ಮಗ ಮುಂದೆ ಬಂದ. ತಂಡದ ಕ್ಯಾಪ್ಟನ್ ಅವನೇ. “ಮಾವ ಅಳಿಯ ಹೌದು ಅಂದ್ರ ಊರವನ ಲೆಕ್ಕ. ಊರವ ಅಂದ್ರ ಆಡಾಕ ಬರತೈತಿ. ನಮ್ಮ ಏಳನೆಯಾಂವ ಇವರ!”

ಮ್ಯಾನೇಜರನ ಬಾಯಿ ತೆರೆಯಿತು. ಕಾಯ್ದೆ ಅವನದೇ. ಬಾಯಿ ಮುಚ್ಚಿತು.

“ನನಗ ಐವತ್ತೆಂಟೋ” ಎಂದೆ.

“ನೀವು ಏನೂ ಮಾಡಬ್ಯಾಡ್ರಿ ಮಾವ. ಮೂಲ್ಯಾಗ ನಿಂತ್ರ ಸಾಕು.”

ಅಂಪೈರ ಬೇಕಲ್ಲ? ಹೆಂಡತಿ ಇಲ್ಲದವನು, ಮಾವನ ಊರು ಇಲ್ಲದವನು ಇಡೀ ಮೈದಾನದಲ್ಲಿ ಒಬ್ಬನೇ ಸಿಕ್ಕ. ಪಿ.ಟಿ. ಮಾಸ್ತರರು. ಸೀಟಿ ಅವರ ಕೈಗೆ ಕೊಟ್ಟೆ. ಧೋತರ ಎತ್ತಿ ಕಟ್ಟಿ ಮೂಲೆಗೆ ನಿಂತೆ.

ಆಟ ಹೇಗಾಯಿತು ಕೇಳಿರಿ. ಎದುರಿನ ಹುಡುಗರು ನನ್ನ ಹತ್ತಿರ ಬರಲಿಲ್ಲ. ಇಷ್ಟು ವರ್ಷ ಕಾಲು ಮುಟ್ಟಿದವರು ಒದೆಯುವುದು ಹೇಗೆ? ಇದು ತಿಳಿದ ಕೂಡಲೇ ನಮ್ಮ ತಂಡದ ಆರೂ ಮಂದಿ ನನ್ನ ಬೆನ್ನ ಹಿಂದೆ ಬಂದು ಸಾಲು ನಿಂತರು. ನಾನು ಎಡಕ್ಕೆ ಸರಿದರೆ ಆರು ಮಂದಿ ಎಡಕ್ಕೆ. ಬಲಕ್ಕೆ ಸರಿದರೆ ಬಲಕ್ಕೆ.

“ಅಂಪೈರ್! ಮುದುಕನ ಹಿಂದ ಅಡಗಾಕ ಕಾಯ್ದೆ ಐತೇನು?” ಮ್ಯಾನೇಜರ ಕೂಗಿದ.

ಮಾಸ್ತರರು ಪುಸ್ತಕ ನೋಡಿದರು. ಬೇಡ ಅಂತ ಎಲ್ಲೂ ಬರೆದಿರಲಿಲ್ಲ.

ಕೊನೆಯ ರೈಡು. ಪಾಯಿಂಟು ಸಮ ಸಮ. ಅವರ ಮುಖ್ಯ ರೈಡರ ಬಂದ. ಕಬಡ್ಡಿ ಕಬಡ್ಡಿ ಕಬಡ್ಡಿ. ನನ್ನ ಎದುರಿಗೆ ಬಂದು ನಿಂತ. ಆಟಕ್ಕೆ ಮುಂಚೆ ಗದ್ದಲದಲ್ಲಿ ಕಾಲು ಮುಟ್ಟುವುದು ಮರೆತಿದ್ದನಂತೆ. ಕಬಡ್ಡಿ ಕಬಡ್ಡಿ ಅನ್ನುತ್ತಲೇ ಬಾಗಿದ. ಎರಡೂ ಕೈಯಿಂದ ನನ್ನ ಕಾಲು ಮುಟ್ಟಿದ. ಕಣ್ಣಿಗೆ ಒತ್ತಿಕೊಂಡ. ತಿರುಗಿ ಓಡಿ ಗೆರೆ ದಾಟಿದ.

ನನಗೆ ತಿಳಿಯುವುದರೊಳಗೆ ಆಶೀರ್ವಾದ ಮಾಡಿಬಿಟ್ಟಿ‌ದ್ದೆ.

“ಟಚ್!” ಎಂದಿತು ಆ ಕಡೆ.

“ಟಚ್ ಅಲ್ಲ, ನಮಸ್ಕಾರ!” ಎಂದಿತು ಈ ಕಡೆ.

“ಮುಟ್ಟ್ಯಾನೋ ಇಲ್ಲೋ?”

“ಭಕ್ತಿಯಿಂದ ಮುಟ್ಟ್ಯಾನ! ಅದಕ್ಕ ಪಾಯಿಂಟ್ ಇಲ್ಲ!”

ಮಾಸ್ತರರು ಪುಸ್ತಕ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿದರು. ನಮಸ್ಕಾರ ಎಲ್ಲೂ ಇಲ್ಲ. ಬೆವತು ಹೋದರು. ನನ್ನ ಹತ್ತಿರ ಬಂದರು.

“ಕಾಕಾ, ನೀವ ಹೇಳ್ರಿ.”

ಮ್ಯಾನೇಜರ ಚೀರಿದ. “ಆಟಗಾರನ್ನ ಕೇಳಿ ತೀರ್ಪು ಕೊಡ್ತೀರೇನು? ಅದೂ ಆ ಊರ ಅಳಿಯನ್ನ? ಅವರು ಏನು ಹೇಳಿದ್ರೂ ನಾ ಒಪ್ಪಂಗಿಲ್ಲ!”

ನಾನು ನಿಧಾನ ವಿಚಾರ ಮಾಡಿದೆ. ಒಲೆ ಮುಂದೆ ಕೇಳಿದ ಕಾಯ್ದೆ ನೆನಪಾಯಿತು. ಮುಟ್ಟಿದರೆ ಮುಟ್ಟಿದಂತೆ. ಯಾಕೆ ಮುಟ್ಟಿದ ಅಂತ ಕೇಳುವಂತಿಲ್ಲ.

“ಟಚ್. ನಾ ಔಟ್” ಎಂದೆ.

“ಒಪ್ಪೀನಿ” ಎಂದ ಮ್ಯಾನೇಜರ.

ಸೋತೆವು. ನಾನು ಗೆರೆ ದಾಟಿ ಹೊರಗೆ ಬಂದೆ. ಆಕಿಯ ಊರವರು ಶುರು ಮಾಡಿದರು. ಹೆಂಗಸರು, ಗಂಡಸರು, ಎಲ್ಲರೂ. ಆ ಕಡೆ ಒಬ್ಬನೂ ಬೈಯಲಿಲ್ಲ. ನನ್ನ ಜನ್ಮದಲ್ಲಿ ಮೊದಲ ಸಲ ಬೈಗುಳ ಒಂದೇ ಕಡೆಯಿಂದ ಬಂದವು.

ಅತ್ತೆ ಎದ್ದರು. ಎಲೆ ಉಗುಳಿದರು. ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

“ಏ ಗೊಬ್ಬರದಂಗಡೀ” ಎಂದರು ಮ್ಯಾನೇಜರನಿಗೆ. “ಬೇಕೋ ಬ್ಯಾಡೋ ಅಂತ ಕೇಳಿದಿಯಲ್ಲಾ, ಬರ್ಕೋ. ಸಂಬಂಧ ಮುಗಿದಿದ್ರ ಇವರು ನಾಚಿಕಿಗಾದ್ರೂ ಒಂದು ಪಾಯಿಂಟು ನಮಗ ಬಿಡ್ತಿದ್ರು. ಮೂವತ್ತು ವರ್ಷ ನಮ್ಮೂರನ್ನ ಸೋಲಿಸ್ಕೋತ ಬಂದವರು ಇವರ. ಇವತ್ತೂ ಸೋಲಿಸಿದ್ರು. ಇವರು ನಮ್ಮ ಅಳಿಯನ. ಬ್ಯಾರೆ ಯಾರೂ ಇಷ್ಟು ಮಾಡಂಗಿಲ್ಲ.”

ಮ್ಯಾನೇಜರ ಬರೆದುಕೊಂಡ.

“ನಡೀರಿ ಅಳಿಯಂದ್ರ, ಉಣ್ಣಾಕ” ಎಂದರು ನನಗೆ.

ಹೋದೆ. ಒಂಬತ್ತು ತಿಂಗಳ ಮೇಲೆ ಆ ಹೊಸ್ತಿಲು ದಾಟಿದೆ. ಅತ್ತೆ ರೊಟ್ಟಿ ಹಾಕಿದರು. ಬದನೆಕಾಯಿ ಪಲ್ಯ ಹಾಕಿದರು. ಕ್ಯಾಪ್ಟನ್ ಸಿಟ್ಟಿಗೆ ಗೋಡೆ ಕಡೆ ಮುಖ ಮಾಡಿ ಉಂಡ. ಮಾಸ್ತರರೂ ಕೂತಿದ್ದರು. ಅತ್ತೆ ನನ್ನ ಎದುರಿಗೆ ಕೂತು ಕೇಳಿದರು.

“ಎಷ್ಟು ಮಂದಿ ಬೈದ್ರು?”

ತಲೆ ಎತ್ತಿದೆ. ಆಕಿ ತಾಯಿಗೆ ಎಲ್ಲಾ ಹೇಳಿದ್ದಳು.

“ಊರೆಲ್ಲಾ” ಎಂದೆ.

“ಹಾಂ.” ಇನ್ನೊಂದು ರೊಟ್ಟಿ ಹಾಕಿದರು. “ಆ ತಗಡು ಸರಿ ಮಾಡ್ಸಿರೇನು?”

ನಾನು ರೊಟ್ಟಿ ಮುರಿದೆ. ಪಲ್ಯ ಹಚ್ಚಿದೆ.

“ಮಾಡ್ಸಿದೆ. ಆಕಿ ಹೋದ ಮೂರು ವಾರಕ್ಕ.”

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮಾಸ್ತರರ ಕಡೆ ತಿರುಗಿದರು.

“ಮಾಸ್ತರ, ಆ ಸೀಟಿ ನಿಮ್ಮ ಹಂತ್ಯಾಕ ಇಟ್ಕೋರಿ. ಇವರು ಹೆಂಡತಿ ಮಾತು ಕೇಳಾಕತ್ತಾರ. ಇನ್ನ ನಮ್ಮೂರ ಮ್ಯಾಚಿಗೆ ಇವರು ನಡಿಯಂಗಿಲ್ಲ.”